ಬಚ್ಚಲಿನ ಸೋಪಿನ ಜಿಡ್ಡಿಗೆ ಬಿಂಬುಳಿ ರಸ

ಬಚ್ಚಲಿನ ಟೈಲ್ಸ್ ಮೇಲೆ ಕೂರುವ ಆ ಬಿಳಿ ಪದರ ಬರೀ ಸೋಪಲ್ಲ. ಸೋಪಿನ ಕೊಬ್ಬಿನಂಶ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿದಾಗ ನೀರಲ್ಲಿ ಕರಗದ ಜಿಡ್ಡಾಗುತ್ತದೆ. ಅದಕ್ಕೇ ಎಷ್ಟು ನೀರು ಹೊಯ್ದರೂ ಹೋಗುವುದಿಲ್ಲ. ಕಾರವಾರ, ಅಂಕೋಲಾ, ಹೊನ್ನಾವರದಲ್ಲಿ ಕಡಲಿಗೆ ಹತ್ತಿರದ ಕೆಲವು ಬಾವಿಗಳ ನೀರು ಬೇಸಿಗೆಗೆ ಸವಳಾಗುತ್ತದೆ. ಆಗ ನೊರೆ ಕಡಿಮೆ, ಜಿಡ್ಡು ಜಾಸ್ತಿ.

ಈ ಜಿಡ್ಡು ಬಿಡುವುದು ಹುಳಿಗೆ. ಅಂಗಡಿಯ ಆಸಿಡ್ ಕೂಡ ಮಾಡುವುದು ಅದೇ ಕೆಲಸ. ಆದರೆ ನಮ್ಮ ಕಡೆ ಎಷ್ಟೋ ಮನೆಗಳ ಬಚ್ಚಲ ನೀರು ಬಾಳೆ, ತೆಂಗಿನ ಬುಡಕ್ಕೆ ಹೋಗುತ್ತದೆ. ಚಿರೇಕಲ್ಲಿನ ನೆಲ ನೀರನ್ನು ಬೇಗ ಇಳಿಸಿಕೊಳ್ಳುತ್ತದೆ, ಬಾವಿಯೂ ದೂರ ಇರುವುದಿಲ್ಲ. ಅಲ್ಲಿಗೆ ಆಸಿಡ್ ಬಿಡುವುದು ಬೇಡ, ಅಲ್ವಾ?

ಹಿತ್ತಲಲ್ಲಿ ತುಂಬ ಹುಳಿ ಕಾಯಿ ಬಿಡುವ ಬಿಂಬುಳಿ ಮರ ಇದ್ದರೆ ಒಂದು ಬೊಗಸೆ ಕಾಯಿ ಜಜ್ಜಿ, ರಸ ಹಿಂಡಿ, ಸೋಸಿಕೊಳ್ಳಿ. ಇಲ್ಲದಿದ್ದರೆ ವಿನೆಗರ್‌ಗೆ ಅಷ್ಟೇ ಬಿಸಿನೀರು ಬೆರೆಸಿ. ಲಿಂಬೆ ರಸವೂ ಆದೀತು. ಮುರುಗಲು (ಕೋಕಂ) ಸಿಪ್ಪೆಯ ನೀರು ಹುಳಿಯೇನೋ ಹೌದು, ಆದರೆ ಬಿಳಿ ಟೈಲ್ಸ್‌ನ ಸಂದಿಗೆ ಅದರ ಕೆಂಪು ಹಿಡಿದೀತು.

ಮೊದಲು ಗೋಡೆ ಒಣಗಿರಲಿ. ಹಳೆ ಬಟ್ಟೆಯನ್ನು ಹುಳಿಯಲ್ಲಿ ಅದ್ದಿ ಜಿಡ್ಡಿನ ಮೇಲೆ ಅಂಟಿಸಿ, ಕಾಲು ಗಂಟೆ ಬಿಡಿ. ಕೆಲಸ ಮಾಡುವುದು ಈ ಕಾಯುವಿಕೆಯೇ, ತೋಳಿನ ಬಲವಲ್ಲ. ಆಮೇಲೆ ತೆಂಗಿನ ನಾರಿನಿಂದ ಹಗುರವಾಗಿ ತಿಕ್ಕಿ, ತೊಳೆಯಿರಿ. ದಪ್ಪ ಜಿಡ್ಡಾದರೆ ಇನ್ನೊಮ್ಮೆ ಮಾಡಿ. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಇರುವುದರಿಂದ ಕಬ್ಬಿಣದ ಅಂಶದ ನೀರು ಬಿಟ್ಟ ಕೆಂಪು ಕರೆಯೂ ಇದಕ್ಕೇ ಹೋಗುತ್ತದೆ. ನಲ್ಲಿಯ ಮೇಲೆ ಮಾತ್ರ ಹೆಚ್ಚು ಹೊತ್ತು ಬಿಡಬೇಡಿ, ಹೊಳಪು ಹೋದೀತು.

ಇನ್ನೂ ಜಾರುವ ಎಣ್ಣೆ ಪಸೆ ಉಳಿದಿದ್ದರೆ ಅಡುಗೆ ಸೋಡಾಕ್ಕೆ ಸ್ವಲ್ಪ ನೀರು ಕಲಸಿ ತಿಕ್ಕಿ. ಹುಳಿ ತೊಳೆದ ಮೇಲೆಯೇ ಸೋಡಾ. ಎರಡನ್ನೂ ಒಟ್ಟಿಗೆ ಹಾಕಿದರೆ ಬುರುಬುರು ನೊರೆ ನೋಡಲು ಚೆಂದ, ಆದರೆ ಒಂದರ ಶಕ್ತಿಯನ್ನು ಇನ್ನೊಂದು ತಿನ್ನುತ್ತದೆ. ಸುಮ್ನೆ ಎರಡೂ ದಂಡ.

ಬ್ಲೀಚಿಂಗ್ ಪೌಡರ್ ಹಾಕಿದ ಕಡೆ ಹುಳಿ ತಾಗಿಸಲೇಬೇಡಿ. ಕ್ಲೋರಿನ್ ಅನಿಲ ಏಳುತ್ತದೆ, ಉಸಿರಿಗೆ ಅಪಾಯ. ಮಾರ್ಬಲ್, ಕಡಪ ಕಲ್ಲು, ಮೊಸಾಯಿಕ್, ಸಿಮೆಂಟ್ ನೆಲಕ್ಕೂ ಹುಳಿ ಆಗದು, ಕೊರೆಯುತ್ತದೆ. ಅಲ್ಲಿಗೆ ಅಂಟುವಾಳ ನೀರೇ ಸರಿ.

ಏಳೆಂಟು ಅಂಟುವಾಳ ಕಾಯಿಯ ಬೀಜ ತೆಗೆದು, ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ಕುದಿಸಿ ಸೋಸಿ. ಸವಳು ನೀರಲ್ಲೂ ಇದು ಸೋಪಿನಂತೆ ಜಿಡ್ಡು ಕಟ್ಟುವುದಿಲ್ಲ. ವಾರಕ್ಕೊಮ್ಮೆ ಇದರಿಂದ ಗೋಡೆ ತಿಕ್ಕಿದರೆ ಹುಳಿ ಹಾಕುವ ಸರದಿ ಅಪರೂಪಕ್ಕೆ ಬರುತ್ತದೆ. ಮೂರ್ನಾಲ್ಕು ದಿನಕ್ಕೆ ವಾಸನೆ ಬರುವುದರಿಂದ ಬೇಕಾದಷ್ಟೇ ಮಾಡಿಕೊಳ್ಳಿ. ಕಣ್ಣಿಗೆ ಹಾರಿದರೆ ಉರಿ ಜೋರು, ಮಕ್ಕಳ ಕೈಗೆ ಸಿಗದಂತೆ ಇಡಿ.