ಪಂಚೆಯ ದೆವ್ವ, ಕಿತ್ತಳೆ ಬಲ್ಬು: ನಮ್ಮ ಮನೆಯ ಹ್ಯಾಲೊವೀನ್

ಅಮೆರಿಕದಲ್ಲಿ ಅಕ್ಟೋಬರ್ 31ರ ಸಂಜೆ ಹ್ಯಾಲೊವೀನ್. ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಸಿಹಿ ಕೇಳಲು ಬರುತ್ತಾರೆ, ಮನೆ ಮುಂದೆ ದೆವ್ವಗಳ ಅಲಂಕಾರ ಮಾಡುತ್ತಾರೆ. ನ್ಯೂಜೆರ್ಸಿಯಲ್ಲಿ ನಮ್ಮ ಮೊದಲ ಹ್ಯಾಲೊವೀನ್‌ಗೆ ಅಂಗಡಿಯಿಂದ ರಾಶಿ ಸಾಮಾನು ತಂದಿದ್ದೆ. ಪ್ಲಾಸ್ಟಿಕ್ ಅಸ್ಥಿಪಂಜರ, ಬಾವಲಿ, ಹತ್ತಿರ ಹೋದರೆ ಕಿರುಚುವ ಮಾಟಗಾತಿ. ಬಾಗಿಲ ಮೇಲೆ ಬಿಳಿ ಬಲ್ಬು ಜೋರಾಗಿ ಉರಿಯುತ್ತಿತ್ತು. ದೊಡ್ಡ ಮಕ್ಕಳು ಅದನ್ನೆಲ್ಲ ತಿರುಗಿಯೂ ನೋಡಲಿಲ್ಲ. ಜೇನುಹುಳದ ವೇಷ ಹಾಕಿಕೊಂಡು ಬಂದ ಪುಟ್ಟ ಮಗು ಮಾತ್ರ, ಮಾಟಗಾತಿ ಕಿರುಚಿದ್ದೇ ತಡ, ಅಳುತ್ತಾ ಅಪ್ಪನ ಕುತ್ತಿಗೆಗೆ ಜೋತುಬಿತ್ತು. ಚಾಕೊಲೇಟನ್ನೂ ತಗೊಳ್ಳಲಿಲ್ಲ. ನನಗೆ ತುಂಬಾ ಬೇಜಾರಾಯಿತು. ಮನೆ ಬಾಗಿಲಿಗೆ ಬಂದ ಮಗು ಬರಿಗೈಯಲ್ಲಿ ಹೋಗಬಾರದು ಅಲ್ವಾ?

ಅವತ್ತಿನಿಂದ ಸಾಮಾನು ಕಡಿಮೆ ಮಾಡಿ, ಬೆಳಕಿನ ಕಡೆ ಗಮನ ಕೊಟ್ಟೆ. ಇಲ್ಲಿ ಬಾಗಿಲ ದೀಪ ಉರಿಯುತ್ತಿದ್ದರೆ ಮಕ್ಕಳು ಬರಬಹುದು ಅಂತ ಅರ್ಥ. ಹಾಗಾಗಿ ಪೂರ್ತಿ ಆರಿಸುವ ಹಾಗಿಲ್ಲ. ಬಿಳಿ ಬಲ್ಬು ತೆಗೆದು ಕಿತ್ತಳೆ ಬಣ್ಣದ್ದು ಹಾಕಿದೆ. ಯಜಮಾನರ ಎರಡು ಹಳೇ ಪಂಚೆಗಳಲ್ಲಿ ಪ್ರತಿಯೊಂದರ ಮಧ್ಯಕ್ಕೂ ತಲೆಯ ಹಾಗೆ ಒಂದು ಬಲೂನು ಇಟ್ಟು, ಅದರ ಕೆಳಗೆ ದಾರ ಕಟ್ಟಿ, ದೆವ್ವಗಳಾಗಿ ಮೇಪಲ್ ಮರದ ಕೊಂಬೆಗೆ ನೇತುಹಾಕಿದೆ. ನೆಲದಲ್ಲಿ ಒಂದು ಸಣ್ಣ ದೀಪ ಮೇಲ್ಮುಖವಾಗಿ ಇಟ್ಟೆ. ಅಷ್ಟೇ. ಗಾಳಿ ಬೀಸಿದರೆ ಪಂಚೆಯ ನೆರಳು ಮನೆಯ ಗೋಡೆ ಮೇಲೆಲ್ಲಾ ಓಡಾಡುತ್ತದೆ. ಹತ್ತಿಯ ಜೇಡರ ಬಲೆಯನ್ನು ಈಗ ಮನೆಯೊಳಗೆ ಮಾತ್ರ ಕಟ್ಟುತ್ತೇನೆ. ಹೊರಗೆ ಗಿಡಕ್ಕೆ ಕಟ್ಟಿದರೆ ಹಕ್ಕಿ, ದುಂಬಿಗಳು ಸಿಕ್ಕಿಹಾಕಿಕೊಳ್ಳುತ್ತವೆ.

ಒಳಗೆ ದೀಪ ಇಡಲು ಕುಂಬಳಕಾಯಿಯಲ್ಲಿ ಮುಖ ಕೆತ್ತುವುದು ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ. ಎರಡನೇ ವರ್ಷ ಹುರುಪಿನಲ್ಲಿ ಹದಿನೈದು ದಿನ ಮೊದಲೇ ಕೆತ್ತಿಟ್ಟೆ. ಒಂದು ವಾರದಲ್ಲಿ ಒಳಗೆಲ್ಲ ಬೂಸ್ಟು, ಬಾಯಿ ಕುಸಿದುಹೋಗಿತ್ತು, ಒಂದು ಕಿವಿಯನ್ನು ಅಳಿಲು ತಿಂದಿತ್ತು. ಈಗ ಅಕ್ಟೋಬರ್ 29ಕ್ಕೋ 30ಕ್ಕೋ ಕೆತ್ತುತ್ತೇನೆ. ತೊಟ್ಟಿನ ಹತ್ತಿರ ಮುಚ್ಚಳ ತೆಗೆಯುವುದಿಲ್ಲ, ತಳವನ್ನೇ ಕತ್ತರಿಸುತ್ತೇನೆ. ಆಗ ದೀಪ ನೆಲದಲ್ಲಿಟ್ಟು ಕಾಯಿಯನ್ನು ಮೇಲೆ ಕವುಚಿದರೆ ಸಾಕು. ಗಟ್ಟಿ ಚಮಚದಲ್ಲಿ ನಾರು, ಬೀಜ ತೆಗೆದು, ಮುಖ ಬರುವ ಕಡೆ ಒಳಗಿನಿಂದ ಚೆನ್ನಾಗಿ ಕೆರೆಯಬೇಕು. ಸುಮಾರು ಒಂದು ಇಂಚು ದಪ್ಪ ಉಳಿದರೆ ಗರಗಸದ ಹಲ್ಲಿನ ಸಣ್ಣ ಚಾಕು ಸಲೀಸಾಗಿ ಆಡುತ್ತದೆ. ಕಣ್ಣು ಮೊದಲು, ಬಾಯಿ ಕೊನೆಗೆ. ಕತ್ತರಿಸಿದ ಅಂಚಿಗೆ ವ್ಯಾಸಲೀನ್ ಸವರಿದರೆ ಬೇಗ ಒಣಗಿ ಮುದುಡುವುದಿಲ್ಲ. ಒಳಗೆ ಬ್ಯಾಟರಿ ದೀಪವೇ ಇಡಿ. ಮಕ್ಕಳ ಉದ್ದುದ್ದ ವೇಷಗಳು ಅಲ್ಲೇ ಓಡಾಡುತ್ತಿರುತ್ತವೆ.

2024ರಲ್ಲಿ ದೀಪಾವಳಿಯೂ ಅಕ್ಟೋಬರ್ 31ಕ್ಕೇ ಬಂತು. ವಿಡಿಯೋ ಕಾಲ್‌ನಲ್ಲಿ ಮರ ನೋಡಿದ ಅಮ್ಮ, "ಅಲ್ವೇ, ಹಬ್ಬದ ದಿನ ಯಾರಾದ್ರೂ ಮನೆ ಮುಂದೆ ದೆವ್ವ ಕಟ್ತಾರಾ?" ಅಂದರು. ಅವರು ಹೇಳಿದ್ದು ನನಗೂ ಸರಿ ಅನ್ನಿಸಿತು. ದೆವ್ವಗಳನ್ನು ರಸ್ತೆ ಕಡೆಯ ಕೊಂಬೆಗೆ ಸರಿಸಿದೆ. ಹೊಸ್ತಿಲಿಗೆ ರಂಗೋಲಿ, ಬಾಗಿಲ ಎರಡೂ ಪಕ್ಕ ಎತ್ತರದ ಕಟ್ಟೆಯ ಮೇಲೆ ಎಣ್ಣೆ ದೀಪ. ಮೆಟ್ಟಿಲ ಮೇಲೆ ಕುಂಬಳಕಾಯಿಗಳು. ದೂರದಿಂದ ಹೆದರಿಕೆ, ಹತ್ತಿರ ಬಂದರೆ ಬೆಚ್ಚಗಿನ ಬೆಳಕು. ಆ ಸಂಜೆ ಒಂದು ಮಗುವೂ ಅಳಲಿಲ್ಲ.

ಊಟಕ್ಕೆ ಐದು ಮನೆಯವರು ಬಂದಿದ್ದರು. ಕೆತ್ತುವ ದೊಡ್ಡ ಕಾಯಿ ಬರೀ ನೀರು, ರುಚಿ ಇರುವುದಿಲ್ಲ. ಅಡುಗೆಗೆ ಚಿಕ್ಕ ಶುಗರ್ ಪಂಪ್‌ಕಿನ್ ತಂದು ಹುಳಿ ಮಾಡಿದೆ, ಸಿಹಿಗೆ ಅದರದ್ದೇ ಕಡುಬು. ಬೀಜಗಳನ್ನು ತೊಳೆದು, ಬಟ್ಟೆ ಮೇಲೆ ಪೂರ್ತಿ ಆರಿಸಿ, ಎಣ್ಣೆ, ಉಪ್ಪು, ಅಚ್ಚಖಾರದ ಪುಡಿ ಕಲಸಿ ಓವನ್‌ನಲ್ಲಿ ಗರಿಗರಿ ಹುರಿದೆ. ಊಟಕ್ಕೆ ಮೊದಲೇ ಖಾಲಿ!

ಬಾಗಿಲಲ್ಲಿ ಎರಡು ಬಟ್ಟಲು ಇಡುತ್ತೇನೆ. ಒಂದರಲ್ಲಿ ಚಾಕೊಲೇಟು. ಇನ್ನೊಂದರಲ್ಲಿ ಪೆನ್ಸಿಲ್, ಸ್ಟಿಕರ್. ಕಡಲೆಕಾಯಿ, ಹಾಲು ಆಗದ ಮಕ್ಕಳು ಜಾಸ್ತಿ ಇದ್ದಾರೆ. ಇಂಥ ಬಟ್ಟಲಿದೆ ಅಂತ ಗೊತ್ತಾಗಲು ಇಲ್ಲಿನವರು ನೀಲಿ-ಹಸಿರು ಬಣ್ಣ ಬಳಿದ ಕುಂಬಳಕಾಯಿ ಹೊರಗಿಡುತ್ತಾರೆ, ನಾನೂ ಇಟ್ಟೆ. ಒಬ್ಬ ಹುಡುಗ ಅದನ್ನು ನೋಡಿ ಅಮ್ಮನ ಕೈ ಬಿಟ್ಟು ಓಡಿಬಂದ. ಎರಡು ಪೆನ್ಸಿಲ್ ತಗೊಂಡ, ಒಂದು ತಂಗಿಗೆ.

ಎಂಟೂವರೆಗೆ ಬಟ್ಟಲು ಖಾಲಿಯಾಯಿತು. ಕಿತ್ತಳೆ ಬಲ್ಬು ಆರಿಸಿ ಒಳಗೆ ಬಂದೆ. ಎಣ್ಣೆ ದೀಪಗಳನ್ನು ಉರಿಯಲು ಬಿಟ್ಟೆ.