ಮಕ್ಕಳ ಎತ್ತರಕ್ಕೆ ಪೆನ್ಸಿಲ್ಲೇ ಸರಿ

ಅಪ್ಪಂದಿರೇ, ಮಕ್ಕಳ ಎತ್ತರವನ್ನು ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್‌ನಲ್ಲೇ ಗುರುತು ಮಾಡಿ. ನಮ್ಮ ಕೊಡಗಿನ ಮಳೆಗಾಲದ ಥಂಡಿಗೆ ಸ್ಕೆಚ್ ಪೆನ್ ಹರಡಿಬಿಡುತ್ತದೆ. ಪ್ರತಿ ವರ್ಷ ನಮ್ಮ ಸುಗ್ಗಿ ಹಬ್ಬ ಪುತ್ತರಿ ದಿನ ಅಳೆದರೆ ಮರೆಯುವುದಿಲ್ಲ. ಬೆಳಿಗ್ಗೆಯೇ ಅಳೆಯಿರಿ, ಸಂಜೆ ಹೊತ್ತಿಗೆ ಎಲ್ಲರೂ ಹೆಚ್ಚುಕಡಿಮೆ 1 ಸೆಂ.ಮೀ. ಕುಗ್ಗಿರುತ್ತೇವೆ. ಹಿಮ್ಮಡಿ ಚೌಕಟ್ಟಿಗೆ ತಾಗಿರಲಿ, ತಲೆ ಮೇಲೆ ಪುಸ್ತಕ ಅಡ್ಡ ಇಡಿ. ನಮ್ಮ ಮಗಳಂತೂ ಸುಮ್ನೆ ತುದಿಗಾಲಲ್ಲಿ ನಿಂತು ನಗುತ್ತಾಳೆ! ಗುರುತಿನ ಪಕ್ಕ ಒಂದು ಸಾಲು ಬರೆಯಿರಿ: ‘ಮೊದಲ ಹಲ್ಲು ಬಿತ್ತು’, ‘ಸೈಕಲ್ ಕಲಿತಳು’.

ಫೋಟೊಗಳನ್ನು ಗೋಡೆಗೆ ಹಾಕಿದರೆ ಬೂಷ್ಟು ಹಿಡಿಯುತ್ತದೆ. ಅವನ್ನು ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿಡಿ, ಮಕ್ಕಳ ಕೈಗೆ ಸಿಗದ ಹಾಗೆ. ಮನೆಗೆ ಪೇಂಟ್ ಮಾಡಿಸುವ ಮುಂಚೆ ಚೌಕಟ್ಟಿನದೂ ಒಂದು ಫೋಟೊ ತೆಗೆದುಕೊಳ್ಳಿ.