ಬೇರು ತೊಳೆದು ಕೆಟ್ಟ ಪ್ರಯೋಗ

ಅಗೆ ಕಿತ್ತವರಿಗೆಲ್ಲ ಗೊತ್ತು, ಕೆಸರಿನಿಂದ ಎಳೆದ ಭತ್ತದ ಬೇರು ತುಕ್ಕು ಹಿಡಿದ ತಂತಿಯ ಬಣ್ಣ. ಗದ್ದೆ ಬದುವಿನಲ್ಲೇ ಬೆಳೆದ ನಾನು ಅದನ್ನು ಮಣ್ಣಿನ ಕೊಳೆ ಅಂದುಕೊಂಡಿದ್ದೆ. ಅದು ನಿಜವಾಗಿಯೂ ತುಕ್ಕೇ ಎಂದು ತಲೆಗೆ ಹತ್ತಿದ್ದು ಚೀನಾದ ಗುಯಿಝೌ ಪ್ರಾಂತ್ಯದಲ್ಲಿ, ಒಂದು ಇಡೀ ಸುತ್ತಿನ ಪ್ರಯೋಗ ಹಾಳು ಮಾಡಿಕೊಂಡ ಮೇಲೆ.

ಅಲ್ಲಿನ ವಾನ್‌ಶಾನ್‌ನಲ್ಲಿ ನೂರಾರು ವರ್ಷ ಪಾದರಸದ ಗಣಿಗಾರಿಕೆ ನಡೆದಿತ್ತು. 2001ರಲ್ಲಿ ಗಣಿ ನಿಂತಿತು, ಸುಟ್ಟ ಅದಿರಿನ ಗುಡ್ಡೆಗಳು ಉಳಿದವು, ಅವುಗಳ ಕೆಳಗೇ ಗದ್ದೆಗಳು. ಪಾದರಸ ಎಂದರೆ ಮಿನಾಮಾಟ, ಅಂದರೆ ವಿಷದ ಮೀನು ತಿಂದು ಜನ ನರಳಿದ ಜಪಾನಿನ ಊರು, ಅಂತಲೇ ನಾವು ಓದಿದ್ದು. ಇಲ್ಲಿಯವರು ಮೀನು ತಿನ್ನುವುದೇ ಕಡಿಮೆ. ಪಾದರಸದ ಹೆಚ್ಚು ವಿಷಕಾರಿ ರೂಪವಾದ ಮೀಥೈಲ್ ಪಾದರಸ ಇವರ ಮೈ ಸೇರುವುದು ಹೆಚ್ಚಾಗಿ ಅನ್ನದಿಂದ.

ಪಾದರಸ ಭತ್ತದ ಗಿಡದಲ್ಲಿ ಎಲ್ಲೆಲ್ಲಿ ಸೇರುತ್ತದೆ ಎಂದು ನೋಡಲು ಆ ಮಣ್ಣನ್ನು ಕುಂಡಗಳಿಗೆ ತುಂಬಿ, ನೀರು ನಿಲ್ಲಿಸಿ ನಾಟಿ ಮಾಡಿದೆ. ನಲವತ್ತೈದನೇ ದಿನ ಗಿಡ ಕಿತ್ತು, ಅಮ್ಮ ಹರಿವೆ ಸೊಪ್ಪು ತೊಳೆಯುವ ಹಾಗೆ ಬೇರುಗಳನ್ನು ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದೆ. ಎಂಥ ಅಚ್ಚುಕಟ್ಟು! ಅಳೆಯಬೇಕಾದ ತುಕ್ಕಿನ ಲೇಪವೆಲ್ಲ ತ್ಯಾಜ್ಯದ ಕ್ಯಾನ್ ಸೇರಿತ್ತು.

ನಿಂತ ನೀರಿನಲ್ಲಿ ಭತ್ತ ಉಸಿರು ಕಟ್ಟಿ ಸಾಯುವುದಿಲ್ಲ, ಕಾಂಡದೊಳಗಿನ ಗಾಳಿ ಕೊಳವೆಗಳಿಂದ ಬೇರಿನವರೆಗೂ ಆಮ್ಲಜನಕ ಇಳಿಯುತ್ತದೆ. ಅದರಲ್ಲಿ ಒಂದಿಷ್ಟು ಬೇರಿನಿಂದ ಹೊರಗೆ ಸೋರಿ, ಕೆಸರಲ್ಲಿ ಕರಗಿದ ಕಬ್ಬಿಣವನ್ನು ತುಕ್ಕಾಗಿಸಿ ಬೇರಿನ ಮೈಗೇ ಮೆತ್ತುತ್ತದೆ. ಮಾಮೂಲಿ ಅಜೈವಿಕ ಪಾದರಸ ಈ ಲೇಪಕ್ಕೆ ಅಂಟಿಕೊಳ್ಳುತ್ತದೆ. ದಾಟಿ ಒಳಗೆ ಹೋದದ್ದನ್ನೂ ಬೇರಿನ ಫೈಟೋಕೀಲೇಟಿನ್‌ಗಳು, ಅಂದರೆ ಲೋಹ ಹಿಡಿಯಲೆಂದೇ ಗಿಡ ತಯಾರಿಸುವ ಅಣುಗಳು, ಅಲ್ಲೇ ಕಟ್ಟಿಹಾಕುತ್ತವೆ. ಗಾಳಿಯಾಡದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ತಯಾರಿಸುವ ಮೀಥೈಲ್ ಪಾದರಸ ಹಾಗಲ್ಲ. ಫೈಟೋಕೀಲೇಟಿನ್ ಅದನ್ನು ಹಿಡಿಯುವುದಿಲ್ಲ, ಅದು ಸಲೀಸಾಗಿ ಹತ್ತಿ ಕಾಳು ಸೇರುತ್ತದೆ.

ಎರಡನೇ ಸುತ್ತಿನಲ್ಲಿ ಬೇರನ್ನು ಬರೀ ನೀರಲ್ಲಿ ಅದ್ದಿ ತೆಗೆದೆ, ಬೆರಳು ತಾಗಿಸಲಿಲ್ಲ. ಆಮೇಲೆ ಸಿಟ್ರೇಟ್, ಬೈಕಾರ್ಬನೇಟ್ ದ್ರಾವಣದಲ್ಲಿ ಒಂದು ಗಂಟೆ. ತುಕ್ಕು ಕರಗಿಸುವ ಡೈಥಯೊನೈಟ್ ಪುಡಿಯನ್ನು ಮಾತ್ರ ಆಗಲೇ ತೂಗಿ ಹಾಕಬೇಕು, ಮೊದಲೇ ಕಲಸಿಟ್ಟರೆ ಸತ್ತುಹೋಗುತ್ತದೆ. ಗಂಧಕದ ಘಾಟು ಮೂಗಿಗೆ ಹೊಡೆಯುತ್ತಿದ್ದಂತೆ ಬೇರು ಬೆಳ್ಳಗಾಯಿತು. ಈ ಸಲ ಅದರ ತುಕ್ಕೆಲ್ಲ ಕರಗಿ ನನ್ನ ಸೀಸೆಯಲ್ಲೇ ಇತ್ತು. ಲೇಪ, ಬೇರು, ಎಲೆ, ಅಕ್ಕಿ ಎಲ್ಲವನ್ನೂ ಬೇರೆ ಬೇರೆ ಅಳೆದೆ.

ನನ್ನನ್ನು ಹೆಚ್ಚು ಕಾಡಿದ್ದು ಎಲೆ. ಹೋಲಿಕೆಗೆಂದು ಪಕ್ಕದಲ್ಲೇ ಶುದ್ಧ ಮಣ್ಣಿನ ಕುಂಡ ಇಟ್ಟಿದ್ದೆ, ಅದರ ಎಲೆಯಲ್ಲೂ ಪಾದರಸ! ವಾರಗಟ್ಟಲೆ ಕೈ ತಪ್ಪಿರಬೇಕೆಂದು ಪಾತ್ರೆಗಳನ್ನು ಆಮ್ಲದಲ್ಲಿ ನೆನೆಸಿದ್ದೇ ನೆನೆಸಿದ್ದು. ಕೈ ತಪ್ಪಿರಲಿಲ್ಲ, ಆ ಊರಿನ ಗಾಳಿಯಲ್ಲೇ ಪಾದರಸದ ಆವಿಯಿದೆ, ಎಲೆ ಅದನ್ನು ನೇರವಾಗಿ ಹೀರುತ್ತದೆ. ಎಲ್ಲದಕ್ಕೂ ಬೇರನ್ನೇ ದೂರುವ ಹಾಗಿಲ್ಲ.

ನಡುನಡುವೆ ನೀರು ಬಸಿದು ಒಣಗಿಸಿದ ಕುಂಡಗಳ ಅಕ್ಕಿಯಲ್ಲಿ ಮೀಥೈಲ್ ಪಾದರಸ ಇಳಿದಿತ್ತು. ಹಿಗ್ಗಿ ಮಾರ್ಗದರ್ಶಕರಿಗೆ ತೋರಿಸಿದೆ. ಅವರು ಕೇಳಿದ್ದು ಒಂದೇ ಮಾತು: "ಕ್ಯಾಡ್ಮಿಯಂ ಅಳೆದಿರಾ?" ಗದ್ದೆ ಒಣಗಿದರೆ ಆ ಇನ್ನೊಂದು ವಿಷಲೋಹ ಅಕ್ಕಿಗೆ ಏರುತ್ತದೆ. ಅಳೆದಿರಲಿಲ್ಲ. ಅಕ್ಕಿ ಹಿಟ್ಟಿನ ಡಬ್ಬಿಗಳನ್ನು ಮತ್ತೆ ಕಪಾಟಿನಿಂದ ಇಳಿಸಿದೆ.